ಹಾಸಿಗೆ, ಹತ್ತಿ ಮತ್ತು ವಾರಸು

ಮನೆಯ ಯಜಮಾನನಿಗೆ ಕ್ಯಾನ್ಸರ್. ಈ ಸುದ್ದಿ ಅವನಿಗೆ ಮತ್ತು ಅವನ ಹೆಂಡತಿಗೆ ಬಿಟ್ಟು ಮಕ್ಕಳು ಸೊಸೆಯಂದಿರಿಗೆಲ್ಲ ಗೊತ್ತು. ಅಂದು ಅವನ 65ನೆಯ ಹುಟ್ಟುಹಬ್ಬ. ಡಾಕ್ಟರು ಬಂದಿದ್ದಾರೆ, ಪಾದ್ರಿ ಬಂದಿದ್ದಾರೆ. ಹಿರಿಯ ಮಗ ಐದು ಮಕ್ಕಳನ್ನೂ ಬಸುರಿ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದಾನೆ. ಕಿರಿಯ ಮಗ ಕಾಲು ಮುರಿದುಕೊಂಡು ಕೋಣೆಯಲ್ಲಿ ಕುಡಿಯುತ್ತ ಕುಳಿತಿದ್ದಾನೆ. ಅವನಿಗೆ ಮಕ್ಕಳಿಲ್ಲ. ಹೆಂಡತಿಯೊಡನೆ ಒಂದೇ ಹಾಸಿಗೆಯಲ್ಲಿ ಮಲಗುವುದನ್ನೂ ಅವನು ಬಿಟ್ಟಿದ್ದಾನೆ. ಆಸ್ತಿ 28,000 ಎಕರೆ ಹತ್ತಿ ಬೆಳೆಯುವ ಕಪ್ಪು ನೆಲ, ಅದರ ಮೇಲೆ ಒಂದು ಕೋಟಿ ಡಾಲರಿನಷ್ಟು ನಗದು ಮತ್ತು ಷೇರು. ಯಜಮಾನ ಇನ್ನೂ ಉಯಿಲು ಬರೆದಿಲ್ಲ.

ಇದು ಟೆನೆಸ್ಸಿ ವಿಲಿಯಮ್ಸನ 'ಕ್ಯಾಟ್ ಆನ್ ಎ ಹಾಟ್ ಟಿನ್ ರೂಫ್', ಅಂದರೆ 'ಕಾದ ತಗಡಿನ ಮಾಡಿನ ಮೇಲಿನ ಬೆಕ್ಕು' ನಾಟಕದ ಸಂದರ್ಭ. 1955ರ ಮಾರ್ಚ್ 24ರಂದು ನ್ಯೂಯಾರ್ಕಿನ ಮೊರೊಸ್ಕೊ ರಂಗಮಂದಿರದಲ್ಲಿ ಎಲಿಯಾ ಕಜಾನನ ನಿರ್ದೇಶನದಲ್ಲಿ ಮೊದಲ ಪ್ರಯೋಗ ಕಂಡ ಈ ನಾಟಕ 694 ಪ್ರದರ್ಶನಗಳನ್ನು ಕಂಡಿತು. ಅದೇ ವರ್ಷದ ಪುಲಿಟ್ಜರ್ ಪ್ರಶಸ್ತಿಯೂ ಇದಕ್ಕೆ ಸಂದಿತು. ಅಮೆರಿಕದ ಕುಟುಂಬ ನಾಟಕಗಳ ಸಾಲಿನಲ್ಲಿ ಇದಕ್ಕೆ ಶಾಶ್ವತವಾದ ಸ್ಥಾನವಿದೆ. ಮಾರ್ಕ್ಸ್‌ವಾದಿ ವಿಮರ್ಶೆ ಮತ್ತು ಕ್ವೀರ್ ವಿಮರ್ಶೆ ಎರಡೂ ಈ ನಾಟಕಕ್ಕೆ ಮತ್ತೆ ಮತ್ತೆ ಬಂದಿವೆ. ಆದರೆ ಒಂದು ಬಂದಾಗ ಇನ್ನೊಂದು ಹೊರಗೆ ನಿಂತದ್ದೇ ಹೆಚ್ಚು. ಎರಡನ್ನೂ ಒಟ್ಟಿಗೆ ಒಳಗೆ ಕರೆದರೆ ಏನಾಗುತ್ತದೆಂಬುದು ಈ ಬರಹದ ಪ್ರಶ್ನೆ.

ಮಾರ್ಕ್ಸ್‌ವಾದಿ ವಿಮರ್ಶೆ ಕನ್ನಡಕ್ಕೆ ಹೊಸದಲ್ಲ. ಬಂಡಾಯದ ದಿನಗಳಿಂದ ನಾವು ಕೃತಿಯೊಂದನ್ನು ಹಿಡಿದು, ಇಲ್ಲಿ ದುಡಿಯುವವರು ಯಾರು, ಉಣ್ಣುವವರು ಯಾರು ಎಂದು ಕೇಳುವುದನ್ನು ಕಲಿತಿದ್ದೇವೆ. ಕ್ವೀರ್ ವಿಮರ್ಶೆಯ ಮಾತು ಹಾಗಲ್ಲ. ಹಾಗೆಂದರೆ ಸಲಿಂಗ ಪ್ರೇಮಿಗಳ ಪರ ವಕಾಲತ್ತು ಎಂದಷ್ಟೇ ತಿಳಿದವರು ಬಹಳ. ಫೂಕೋ 1976ರಲ್ಲಿ ಲೈಂಗಿಕತೆಯ ಚರಿತ್ರೆಯ ಮೊದಲ ಸಂಪುಟವನ್ನು ಪ್ರಕಟಿಸಿದ. ಈವ್ ಕೊಸೋಫ್ಸ್ಕಿ ಸೆಜ್ವಿಕ್ 1985ರಲ್ಲಿ 'ಬಿಟ್ವೀನ್ ಮೆನ್' ಮತ್ತು 1990ರಲ್ಲಿ 'ಎಪಿಸ್ಟೆಮಾಲಜಿ ಆಫ್ ದಿ ಕ್ಲಾಸೆಟ್' ಬರೆದರು. ಇವರ ಮುಖ್ಯ ಕಾಳಜಿ ಯಾರು ಸಲಿಂಗಿ, ಯಾರು ಅಲ್ಲ ಎಂದು ಪಟ್ಟಿ ಮಾಡುವುದಾಗಿರಲಿಲ್ಲ. ಒಂದು ಸಮಾಜ ಯಾವುದನ್ನು ಸಹಜವೆನ್ನುತ್ತದೆ, ಯಾವುದನ್ನು ಗುಟ್ಟಾಗಿಡುತ್ತದೆ, ಆ ಗುಟ್ಟಿನಿಂದ ಯಾರಿಗೆ ಲಾಭ ಎಂಬುದು ಅವರ ವಿಚಾರಣೆಯ ವಸ್ತು. ಹೀಗೆ ನೋಡಿದರೆ ಈ ಎರಡು ವಿಮರ್ಶೆಗಳೂ ದೂರದ ನೆಂಟರೇನಲ್ಲ. ಎರಡಕ್ಕೂ ಕುಟುಂಬವೆಂಬ ಸಂಸ್ಥೆಯ ಮೇಲೆ ಗುಮಾನಿಯಿದೆ.

ಮೊದಲು ಮಾರ್ಕ್ಸ್‌ವಾದಿ ಓದನ್ನೇ ಹಿಡಿಯೋಣ. ಎಂಗೆಲ್ಸ್ 1884ರಲ್ಲಿ ಕುಟುಂಬ, ಖಾಸಗಿ ಆಸ್ತಿ ಮತ್ತು ಪ್ರಭುತ್ವದ ಹುಟ್ಟಿನ ಬಗ್ಗೆ ಬರೆದ ಗ್ರಂಥದ ವಾದ ಸರಳ: ಗಂಡಸಿನ ಕೈಯಲ್ಲಿ ಆಸ್ತಿ ಶೇಖರವಾದಾಗ, ಅದು ತನ್ನ ರಕ್ತಕ್ಕೇ ಸೇರಬೇಕೆಂಬ ಹಟದಿಂದ ಹೆಣ್ಣಿಗೆ ಏಕಪತಿತ್ವದ ಬೇಲಿ ಬಿತ್ತು. ಈ ಮಾತಿಗೆ ಪೊಲಿಟ್ ಕುಟುಂಬಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಹಿರಿಯ ಮಗ ಗೂಪರ್ ಮೆಂಫಿಸಿನಲ್ಲಿ ಕಂಪನಿ ವ್ಯವಹಾರಗಳ ವಕೀಲ. ಅವನ ಹೆಂಡತಿ ಮೇ ಮಕ್ಕಳನ್ನು ಹೆರುತ್ತಿರುವುದು ಹಕ್ಕುಪತ್ರಗಳಿಗೆ ಮೊಹರು ಒತ್ತಿಸಿದ ಹಾಗಿದೆ. ತಂದೆಯ ಕಾಯಿಲೆ ತಾಯಿಗೆ ತಿಳಿದು ಆಕೆಯ ಕಣ್ಣೀರು ಆರುವ ಮೊದಲೇ ಗೂಪರ್ ಆಸ್ತಿಯ ಉಸ್ತುವಾರಿಯ ಕರಡು ದಸ್ತಾವೇಜು ಹೊರಗೆ ತೆಗೆಯುತ್ತಾನೆ. ಪಾದ್ರಿಯ ಮಾತಿನಲ್ಲಿ ಚರ್ಚಿಗೆ ಬೇರೆಯವರು ಕೊಟ್ಟ ಸ್ಮಾರಕ ಕೊಡುಗೆಗಳ ಪ್ರಸ್ತಾಪ ಸುಮ್ಮನೆ ಬಂದದ್ದಲ್ಲ.

ಇನ್ನು ಮ್ಯಾಗಿ. ಕಿರಿಯ ಮಗ ಬ್ರಿಕ್‌ನ ಹೆಂಡತಿಯಾದ ಇವಳೇ ನಾಟಕದ ಹೆಸರಿನಲ್ಲಿರುವ ಬೆಕ್ಕು. ಕುಡುಕ ತಂದೆಯ ಬಡ ಮನೆಯಿಂದ ಬಂದವಳು, ಸಿರಿವಂತ ನೆಂಟರ ಹುಡುಗಿ ಉಟ್ಟು ಬಿಟ್ಟ ಬಟ್ಟೆ ತೊಟ್ಟು ದೊಡ್ಡವರ ಕೂಟಗಳಿಗೆ ಹೋದವಳು. ಬಡತನದಲ್ಲಿ ಮುಪ್ಪಾಗುವ ಭಯ ಅವಳ ಎಲುಬಿನೊಳಗಿದೆ. ಅವಳನ್ನು ಆಸ್ತಿಯ ಆಸೆಬುರುಕಿ ಎನ್ನುವುದು ಸುಲಭ. ಆದರೆ ಹೆರದಿದ್ದರೆ ಆ ಮನೆಯಲ್ಲಿ ಅವಳಿಗೆ ನಿಲ್ಲಲು ನೆಲವಿಲ್ಲ. ಆ ಗರ್ಭ ಗಂಡನ ಮನಸ್ಸಿಗೆ ಸಂಬಂಧಿಸಿದ್ದು, ಅದು ಅವಳ ಕೈಯಲ್ಲಿಲ್ಲ. ತಗಡು ಕಾದಿರುವುದು ಬರಿಯ ಕಾಮದಿಂದಲ್ಲ, ಅವಳ ಈ ಅತಂತ್ರ ಸ್ಥಿತಿಯಿಂದ.

ಯಜಮಾನ ಬಿಗ್ ಡ್ಯಾಡಿಯದೂ ಇಂಥದೇ ಕಥೆ. ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ಹೊಲದಲ್ಲಿ ಕೂಲಿ ಮಾಡಿದವನು, ಊರೂರು ಅಲೆದು ಗೂಡ್ಸ್ ರೈಲಿನಿಂದಿಳಿದು ಹತ್ತಿ ತುಂಬಿದ ಬಂಡಿಯಲ್ಲಿ ಮಲಗಿದವನು. ಅಲ್ಲಿಂದ ಅವನು ಆ ಜಮೀನಿನ ಮೇಲ್ವಿಚಾರಕನಾದ, ಪಾಲುದಾರನಾದ, ಕೊನೆಗೆ ಒಡೆಯನಾದ. ಎರಡನೆಯ ಅಂಕದಲ್ಲಿ ಯುರೋಪು ಪ್ರವಾಸವನ್ನು ನೆನೆಯುತ್ತ ಅವನು ಆಡುವ ಮಾತುಗಳು ಇಡೀ ನಾಟಕದಲ್ಲೇ ಅತ್ಯಂತ ಕಟುವಾದವು. ಹೆಂಡತಿ ಕಂಡಕಂಡದ್ದನ್ನೆಲ್ಲ ಕೊಂಡಳು, ಅವೆಲ್ಲ ನೆಲಮಾಳಿಗೆಯಲ್ಲಿ ಬಿದ್ದಿವೆ. ಸಾಯುವ ಪ್ರಾಣಿಯಾದ ಮನುಷ್ಯ ಕೊಳ್ಳುತ್ತಲೇ ಹೋಗುವುದು, ಕೊಳ್ಳುವ ವಸ್ತುಗಳಲ್ಲಿ ಎಲ್ಲೋ ಒಂದು ಕಡೆ ಸಾವಿಲ್ಲದ ಬದುಕೂ ಸಿಕ್ಕೀತೆಂಬ ಹುಚ್ಚು ಆಸೆಯಿಂದ ಎಂದು ಅವನಿಗೆ ಅರ್ಥವಾಗಿದೆ. ಸರಕಿನ ಮಾಯೆಯ ಬಗ್ಗೆ ಮಾರ್ಕ್ಸ್ ಬರೆದದ್ದನ್ನು ಅವನು ಓದಿರಲಾರ. ಓದಬೇಕಾದ ಅಗತ್ಯವೂ ಅವನಿಗಿಲ್ಲ.

ಇಷ್ಟೆಲ್ಲ ತೋರಿಸಿದ ಮೇಲೂ ಮಾರ್ಕ್ಸ್‌ವಾದಿ ಓದು ಒಂಟಿಯಾಗಿ ಹೊರಟರೆ ಬ್ರಿಕ್‌ನ ಮುಂದೆ ಬಂದು ತಬ್ಬಿಬ್ಬಾಗುತ್ತದೆ. ಅವನಿಗೆ ಆಸ್ತಿ ಬೇಡ, ಹೆಂಡತಿ ಬೇಡ. ತಲೆಯೊಳಗೆ ಒಂದು ಸ್ವಿಚ್ಚು ಟಕ್ಕೆಂದು ಆರಿ ನೆಮ್ಮದಿ ಬರುವವರೆಗೆ ಕುಡಿಯುವುದೊಂದೇ ಬೇಕು. ಹಳೆಯ ಮಾದರಿಯ ಎಡಪಂಥೀಯ ವಿಮರ್ಶಕನಾದರೆ ಇದನ್ನು ಸೋಮಾರಿ ವರ್ಗದ ಅವನತಿ ಎಂದು ಬರೆದು ಮುಂದೆ ಹೋಗಿಬಿಡುತ್ತಾನೆ. ಆದರೆ ಬ್ರಿಕ್ ಯಾಕೆ ಕುಡಿಯುತ್ತಾನೆ? ಅವನ ಜೀವದ ಗೆಳೆಯ ಸ್ಕಿಪ್ಪರ್ ಒಂದು ರಾತ್ರಿ ದೂರದೂರಿನಿಂದ ಫೋನು ಮಾಡಿ, ಕುಡಿದ ಮತ್ತಿನಲ್ಲಿ ತನ್ನ ಮನಸ್ಸಿನಲ್ಲಿದ್ದುದನ್ನು ಹೇಳಿಕೊಂಡ. ಬ್ರಿಕ್ ಫೋನು ಇಟ್ಟುಬಿಟ್ಟ. ಸ್ಕಿಪ್ಪರ್ ಕುಡಿದು ಕುಡಿದು ಸತ್ತ. ಆ ಫೋನು ಇಟ್ಟ ಸದ್ದಿಗೆ ವರ್ಗ ವಿಶ್ಲೇಷಣೆಯಲ್ಲಿ ಜಾಗವಿಲ್ಲ.

ಕ್ವೀರ್ ಓದು ಶುರುವಾಗುವುದು ಇಲ್ಲಿಂದ. ಇಡೀ ನಾಟಕ ನಡೆಯುವುದು ಒಂದೇ ಮಲಗುವ ಕೋಣೆಯಲ್ಲಿ, ನಡುವೆ ಒಂದು ದೊಡ್ಡ ಜೋಡಿ ಹಾಸಿಗೆ. ಈ ಕೋಣೆ ಯಾರದಾಗಿತ್ತು ಎಂಬುದನ್ನು ವಿಲಿಯಮ್ಸ್ ರಂಗಸಜ್ಜಿಕೆಯ ಟಿಪ್ಪಣಿಯಲ್ಲೇ ಬರೆದಿದ್ದಾನೆ. ಆ ಜಮೀನಿನ ಹಿಂದಿನ ಒಡೆಯರಾದ ಜ್ಯಾಕ್ ಸ್ಟ್ರಾ ಮತ್ತು ಪೀಟರ್ ಒಚೆಲ್ಲೊ ಎಂಬ ಇಬ್ಬರು ಅವಿವಾಹಿತ ಗಂಡಸರು ಬದುಕಿನುದ್ದಕ್ಕೂ ಈ ಕೋಣೆಯಲ್ಲಿ ಜೊತೆಯಾಗಿ ಬಾಳಿದರು. ಅವರ ನಡುವಣ ಅಪರೂಪದ ಮಮತೆ ಆ ಕೋಣೆಯಲ್ಲಿ ಇನ್ನೂ ಸುಳಿಯುತ್ತಿರಬೇಕೆಂದು ನಾಟಕಕಾರ ಕೇಳುತ್ತಾನೆ. ಸ್ಟ್ರಾ ಸತ್ತಾಗ ಒಚೆಲ್ಲೊ ಅನ್ನ ಬಿಟ್ಟು ತಾನೂ ಸತ್ತನೆಂದು ಬಿಗ್ ಡ್ಯಾಡಿ ಮಗನಿಗೆ ನೆನಪಿಸುತ್ತಾನೆ. ಈ ನಾಟಕದಲ್ಲಿ ಸುಳ್ಳಿಲ್ಲದ ದಾಂಪತ್ಯವೆಂದರೆ ಸತ್ತುಹೋದ ಈ ಇಬ್ಬರದು ಮಾತ್ರ. ಬದುಕಿರುವ ಮೂರು ಜೋಡಿಗಳೂ ಸುಳ್ಳಿನ ಮೇಲೆ ನಿಂತಿವೆ.

ಅಚ್ಚರಿಯೆಂದರೆ ಮಗನನ್ನು ಅರ್ಥಮಾಡಿಕೊಳ್ಳಲು ತಂದೆ ಸಿದ್ಧನಿದ್ದಾನೆ, ಹೌಹಾರುವವನು ಮಗ. ತನ್ನ ಕಾಲೇಜಿನ ಹಾಸ್ಟೆಲ್ ಬಳಗಕ್ಕೆ ಸೇರಲು ಬಂದ ಹುಡುಗನೊಬ್ಬ ಅಂಥ ನಡತೆ ತೋರಿಸಿದಾಗ ತಾವೆಲ್ಲ ಅವನನ್ನು ಹೊರಗಟ್ಟಿದೆವೆಂದು ಅವನೇ ಹೇಳುತ್ತಾನೆ. ಬ್ರಿಕ್‌ನ ಅಸಹ್ಯ ಅವನದೊಬ್ಬನದೇ ಅಲ್ಲ, ಅದು ಅವನ ಕಾಲದ್ದು. 1953ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಹೊರಡಿಸಿದ 10450ನೆಯ ಆದೇಶ 'ಲೈಂಗಿಕ ವಿಕೃತಿ'ಯನ್ನು ಸರ್ಕಾರಿ ನೌಕರಿಯಿಂದ ತೆಗೆಯಲು ಕಾರಣವೆಂದು ಸಾರಿತು. ಕಮ್ಯುನಿಸ್ಟರ ಬೇಟೆ ಮತ್ತು ಸಲಿಂಗಿಗಳ ಬೇಟೆ ಒಟ್ಟೊಟ್ಟಿಗೆ ನಡೆದವು. ನಾಟಕದ ನಿರ್ದೇಶಕ ಕಜಾನನೇ 1952ರಲ್ಲಿ ವಿಚಾರಣಾ ಸಮಿತಿಯ ಮುಂದೆ ತನ್ನ ಹಳೆಯ ಒಡನಾಡಿಗಳ ಹೆಸರು ಹೇಳಿ ಬಂದವನು. ಲಂಡನ್ನಿನಲ್ಲಿ ಲಾರ್ಡ್ ಚೇಂಬರ್ಲಿನ್ ಕಚೇರಿ ಪರವಾನಗಿ ಕೊಡದಿದ್ದರಿಂದ 1958ರಲ್ಲಿ ಸದಸ್ಯರಿಗೆ ಮಾತ್ರವೆಂಬ ಕ್ಲಬ್ಬಿನ ನೆಪದಲ್ಲಿ ನಾಟಕ ಆಡಬೇಕಾಯಿತು. ಅದೇ ವರ್ಷ ಎಲಿಜಬೆತ್ ಟೇಲರ್ ಮತ್ತು ಪಾಲ್ ನ್ಯೂಮನ್ ನಟಿಸಿದ ಸಿನಿಮಾ ಬಂತು. ಹಾಲಿವುಡ್ಡಿನ ನೀತಿಸಂಹಿತೆಗೆ ಹೆದರಿ ಸ್ಕಿಪ್ಪರ್‌ನ ಪ್ರೇಮದ ಎಳೆಯನ್ನೇ ಅದರಲ್ಲಿ ಅಳಿಸಿಹಾಕಲಾಗಿತ್ತು. ಕಾರಣವೇ ಇಲ್ಲದ ಮೇಲೆ ನಾಯಕನ ಕುಡಿತಕ್ಕೆ ಅರ್ಥವೇನು ಉಳಿಯಿತು?

ಆದರೆ ಕ್ವೀರ್ ವಿಮರ್ಶೆಗೂ ತನ್ನದೇ ಆದ ಚಪಲವಿದೆ. ಬ್ರಿಕ್ ನಿಜಕ್ಕೂ ಸ್ಕಿಪ್ಪರ್‌ನನ್ನು ಪ್ರೀತಿಸಿದನೋ ಇಲ್ಲವೋ ಎಂದು ಪೊಲೀಸ್ ಠಾಣೆಯ ತನಿಖೆಯಂತೆ ಕೇಳುವುದು, ಉತ್ತರ ಸಿಗದಿದ್ದರೆ ನಾಟಕಕಾರ ಹೇಡಿಯೆಂದು ದೂರುವುದು. ಈ ಕೇಳಿಕೆ ಆಗಲೂ ಇತ್ತು, ಈಗಲೂ ಇದೆ. ವಿಲಿಯಮ್ಸ್ ಎರಡನೆಯ ಅಂಕದ ನಡುವೆಯೇ ನಿಂತು, ತನಗೆ ಬೇಕಾದದ್ದು ಒಬ್ಬ ಮನುಷ್ಯನ ಮನೋರೋಗದ ಪರಿಹಾರವಲ್ಲ, ಒಂದು ಕುಟುಂಬ ಒಂದು ಸಂಕಟದಲ್ಲಿ ಹೇಗೆ ಮಿಡುಕುತ್ತದೆಂಬುದು ಎಂದು ಬರೆದುಕೊಂಡಿದ್ದಾನೆ. ಕಥೆಗಾರನಾದ ನನಗೆ ಈ ಮಾತಿನಲ್ಲಿ ತಪ್ಪು ಕಾಣುವುದಿಲ್ಲ. ಯಾರ ಎದೆಯನ್ನಾದರೂ ಬಗೆದು ತೋರಿಸು ಎಂಬ ಒತ್ತಾಯಕ್ಕೂ 1953ರ ಆ ಆದೇಶಕ್ಕೂ ಅಂತರ ತೀರಾ ಕಡಿಮೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಸ್ಟ್ರಾ ಮತ್ತು ಒಚೆಲ್ಲೊ ಒಂದೇ ಹಾಸಿಗೆಯಲ್ಲಿ ನೆಮ್ಮದಿಯಾಗಿ ಮಲಗಿ ಮುಪ್ಪಾದರು, ನಿಜ. ಊರವರು ಯಾಕೆ ಸುಮ್ಮನಿದ್ದರು? ಅವರು ಊರಿನ ಒಡೆಯರಾಗಿದ್ದರು. ಜಮೀನುದಾರನ ಗುಟ್ಟನ್ನು ಊರು ಗೌರವದಿಂದ ಕಾಪಾಡುತ್ತದೆ. ಸ್ಕಿಪ್ಪರ್‌ನ ಹಿಂದೆ ಎಕರೆಗಳಿರಲಿಲ್ಲ. ಜಾನ್ ಡೆಮಿಲಿಯೊ 1983ರಲ್ಲಿ ಬರೆದ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಕೂಲಿ ದುಡಿಮೆ ಮನುಷ್ಯನನ್ನು ಕುಟುಂಬದ ಜಮೀನಿನಿಂದ ಬಿಡಿಸಿ ನಗರಕ್ಕೆ ತಂದದ್ದರಿಂದಲೇ ಸಲಿಂಗಿಯಾಗಿ ಬದುಕುವ ದಾರಿ ತೆರೆಯಿತು ಎಂದು ವಾದಿಸಿದ. ವಿಲಿಯಮ್ಸನ ಡೆಲ್ಟಾದಲ್ಲಿ ಕಾಣುವುದು ಇದರ ಇನ್ನೊಂದು ಮುಖ. ಅಲ್ಲಿ ಜಮೀನು ಇದ್ದವರಿಗೆ ರಕ್ಷಣೆಯಿದೆ, ಇಲ್ಲದವರಿಗೆ ಹೆಂಡದ ಬಾಟಲಿಯಿದೆ. ಪ್ರೇಮದ ಹಕ್ಕನ್ನಷ್ಟೇ ಮಾತಾಡಿ ಖಾತೆ ಪಹಣಿಗಳನ್ನು ಮರೆಯುವ ವಿಮರ್ಶೆಗೆ ಈ ವ್ಯತ್ಯಾಸ ಕಾಣುವುದಿಲ್ಲ.

ಈಗ ಎರಡು ಓದನ್ನೂ ಪಕ್ಕಪಕ್ಕದಲ್ಲಿಟ್ಟು ನೋಡೋಣ. ಈ ಮನೆಯ ಕಾನೂನು ಏನು? ಆಸ್ತಿ ಬೇಕಾದರೆ ವಾರಸುದಾರ ಬೇಕು, ವಾರಸುದಾರ ಬೇಕಾದರೆ ಹೆಂಡತಿಯ ಗರ್ಭ ಬೇಕು, ಗರ್ಭ ಬೇಕಾದರೆ ಬ್ರಿಕ್ ಎಲ್ಲರಂತೆ ಗಂಡಸಾಗಬೇಕು. ಆದರೆ ಈ 28,000 ಎಕರೆಯ ಬೇರು ಹಿಡಿದು ನೋಡಿದರೆ ಈ ಕಾನೂನು ಅಲ್ಲೇ ಮುರಿದು ಬಿದ್ದಿದೆ. ಜಮೀನು ಬಿಗ್ ಡ್ಯಾಡಿಗೆ ತಂದೆಯಿಂದ ಬರಲಿಲ್ಲ. ಮಕ್ಕಳಿಲ್ಲದ ಇಬ್ಬರು ಗಂಡಸರು ಹಸಿದು ಬಂದ ಹುಡುಗನೊಬ್ಬನನ್ನು ಒಳಗೆ ಕರೆದುಕೊಂಡರು, ಕೆಲಸ ಕೊಟ್ಟರು, ನಂಬಿದರು. ಹಾಗೆ ಬಂದ ಆಸ್ತಿ ಇದು. ರಕ್ತಸಂಬಂಧವಿಲ್ಲದೆ ಕೈಬದಲಾದ ನೆಲಕ್ಕಾಗಿ ಈಗ ರಕ್ತಸಂಬಂಧಿಗಳು ಕಚ್ಚಾಡುತ್ತಿದ್ದಾರೆ. ಕೊನೆಯಲ್ಲಿ ಮ್ಯಾಗಿ ತಾನು ಬಸುರಿಯೆಂದು ಘೋಷಿಸುತ್ತಾಳೆ. ಅದು ಸುಳ್ಳು. ಆ ಸುಳ್ಳನ್ನು ನಿಜ ಮಾಡಲು ಅವಳು ಹೆಂಡದ ಬಾಟಲಿಗಳನ್ನು ಅಡಗಿಸಿ ಗಂಡನನ್ನು ಅದೇ ಹಾಸಿಗೆಗೆ ಕರೆಯುತ್ತಾಳೆ, ಸ್ಟ್ರಾ ಮತ್ತು ಒಚೆಲ್ಲೊ ಮಲಗಿದ್ದ ಹಾಸಿಗೆಗೆ. ಆಸ್ತಿಯ ಒತ್ತಾಯ ಮತ್ತು ಸಹಜ ಎನಿಸಿಕೊಂಡ ಕಾಮದ ಒತ್ತಾಯ ಬೇರೆಬೇರೆಯಲ್ಲ, ಒಂದೇ ಹಗ್ಗದ ಎರಡು ಎಳೆಗಳು ಎಂಬುದು ಇಲ್ಲಿ ಕಣ್ಣಿಗೆ ಕಟ್ಟುತ್ತದೆ. ಯಾವ ಒಂದು ಸಿದ್ಧಾಂತವೂ ಒಂಟಿಯಾಗಿ ಈ ದೃಶ್ಯವನ್ನು ಪೂರ್ತಿ ಓದಲಾರದು.

ಎರಡೂ ಸೇರಿದರೂ ಕಾಣದಿರಬಹುದಾದ ಒಂದು ಸಂಗತಿಯಿದೆ. ಆ ಹತ್ತಿ ಬಿಡಿಸಿದವರು ಯಾರು? ನಾಟಕದಲ್ಲಿ ಕರಿಯರು ಒಂದೆರಡು ಆಳುಗಳಾಗಿ ಬಂದು ಹೋಗುತ್ತಾರೆ, ಹೊರಗಿನಿಂದ ಅವರ ದನಿ ಕೇಳುತ್ತದೆ, ಅಷ್ಟೇ. ಶಾಲೆಗಳಲ್ಲಿ ವರ್ಣಭೇದ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟದ್ದು 1954ರ ಮೇ ತಿಂಗಳಲ್ಲಿ. ನಾಟಕ ನ್ಯೂಯಾರ್ಕಿನಲ್ಲಿ ತುಂಬಿದ ಗೃಹಗಳಲ್ಲಿ ನಡೆಯುತ್ತಿದ್ದಾಗಲೇ, 1955ರ ಆಗಸ್ಟ್‌ನಲ್ಲಿ, ಅದೇ ಮಿಸಿಸಿಪಿ ಡೆಲ್ಟಾದಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕರಿಯ ಹುಡುಗನನ್ನು ಕೊಂದು ನದಿಗೆ ಎಸೆದರು. ಬಿಳಿಯರೇ ತುಂಬಿದ ಜ್ಯೂರಿ ಆರೋಪಿಗಳನ್ನು ಬಿಟ್ಟುಬಿಟ್ಟಿತು. 2008ರಲ್ಲಿ ಡೆಬಿ ಅಲೆನ್ ಪೂರ್ತಿ ಕರಿಯ ಕಲಾವಿದರನ್ನಿಟ್ಟುಕೊಂಡು ಬ್ರಾಡ್‌ವೇಯಲ್ಲಿ ಈ ನಾಟಕವನ್ನು ಆಡಿಸಿದಾಗ ಜೇಮ್ಸ್ ಅರ್ಲ್ ಜೋನ್ಸ್ ಬಿಗ್ ಡ್ಯಾಡಿಯಾಗಿದ್ದರು. ಆಳುಗಳ ಮೂಲೆಯಿಂದ ಯಜಮಾನನ ಕುರ್ಚಿಗೆ ಬರಲು ಅರ್ಧ ಶತಮಾನ ಹಿಡಿಯಿತು.

ಮುಸ್ಲಿಂ ಓದುಗನೊಬ್ಬನಿಗೆ ಇನ್ನೂ ಒಂದು ವಿವರ ಮುಳ್ಳಿನಂತೆ ಚುಚ್ಚುತ್ತದೆ. ಉತ್ತರ ಆಫ್ರಿಕಾ ಈ ನಾಟಕದಲ್ಲಿ ಎರಡು ಸಲ ಬರುತ್ತದೆ. ಕಾಲೇಜಿನಿಂದ ಹೊರಗಟ್ಟಿಸಿಕೊಂಡ ಆ ಹುಡುಗ ಕೊನೆಗೆ ಹೋಗಿ ಸೇರಿದ್ದು ಅಲ್ಲಿಗೆ. ಬಿಗ್ ಡ್ಯಾಡಿ ಮರ್ರಾಕೆಶ್ ಪಟ್ಟಣದಲ್ಲಿ ಕಂಡ ಅರಬ್ ತಾಯಿಯೊಬ್ಬಳು ಹೊಟ್ಟೆಯ ಬೆಂಕಿಗೆ ತನ್ನ ಪುಟ್ಟ ಮಗುವನ್ನೇ ಪರದೇಶಿಯತ್ತ ದೂಡುತ್ತಾಳೆ. ಅವನು ಹೇಸಿ, ಹೆದರಿ, ಅಲ್ಲಿಂದ ಓಡುತ್ತಾನೆ. ಅಮೆರಿಕದ ಮನೆ ಒಳಗಿಟ್ಟುಕೊಳ್ಳಲಾರದ್ದನ್ನೆಲ್ಲ ಸುರಿಯುವ ಹಿತ್ತಲಾಗಿ ನಮ್ಮ ಒಂದು ಲೋಕ ಅಲ್ಲಿ ಬಳಕೆಯಾಗಿದೆ. ಎಡ್ವರ್ಡ್ ಸಯೀದ್ 1978ರ ತಮ್ಮ 'ಓರಿಯಂಟಲಿಸಂ' ಗ್ರಂಥದಲ್ಲಿ ಹೇಳಿದ್ದು ಇಂಥ ಬಳಕೆಯನ್ನೇ. ನಾಟಕ ಬರೆದ ಹೊತ್ತಿಗೆ ಮೊರಾಕೊ ಇನ್ನೂ ಫ್ರೆಂಚರ ಅಧೀನದಲ್ಲಿತ್ತು, ಬಿಡುಗಡೆ ಸಿಕ್ಕಿದ್ದು 1956ರಲ್ಲಿ. ಆ ತಾಯಿಯ ಹಸಿವಿಗೂ ಒಂದು ಚರಿತ್ರೆಯಿತ್ತು. ಆದರೂ ಆ ಯಜಮಾನ ಆ ಮಗುವನ್ನು ಮರೆತಿಲ್ಲ ಎಂಬುದನ್ನು ನಾವು ಮರೆಯಬಾರದು. ಅಷ್ಟು ನ್ಯಾಯ ನಾಟಕಕಾರನಿಗೆ ಸಲ್ಲಬೇಕು.

ಇಂಥ ಓದು ನಮಗೇಕೆ, ಇದೆಲ್ಲ ಪಶ್ಚಿಮದ ಸರಕಲ್ಲವೇ ಎನ್ನುವವರಿದ್ದಾರೆ. ಉರ್ದು ಓದಿದವರು ಹಾಗೆ ಹೇಳಲಾರರು. ಇಸ್ಮತ್ ಚುಗ್ತಾಯಿ 'ಲಿಹಾಫ್' ಬರೆದದ್ದು 1942ರಲ್ಲಿ, ವಿಲಿಯಮ್ಸನ ಈ ನಾಟಕಕ್ಕಿಂತ 13 ವರ್ಷ ಮೊದಲು. ಬಡ ಮನೆಯಿಂದ ನವಾಬನಿಗೆ ಮದುವೆಯಾಗಿ ಬಂದು ಮನೆಯ ಸಾಮಾನುಗಳಲ್ಲಿ ಒಂದಾಗಿ ಉಳಿದ ಬೇಗಂ ಜಾನ್‌ಳ ಕಥೆ ಅದು. ಲಾಹೋರಿನ ನ್ಯಾಯಾಲಯದಲ್ಲಿ ಅಶ್ಲೀಲತೆಯ ಕೇಸು ನಡೆದು, ಅಶ್ಲೀಲವೆನ್ನುವ ಒಂದು ಪದವನ್ನೂ ತೋರಿಸಲಾಗದೆ ಬಿದ್ದುಹೋಯಿತು. ಆ ಕಥೆಯಲ್ಲೂ ವಿಮರ್ಶಕರು ಬೇಗಂಳ ಬಯಕೆಯನ್ನು ಹಿಡಿದು ಬೇಕಾದಷ್ಟು ಬರೆದಿದ್ದಾರೆ. ಹಗಲಿರುಳು ಅವಳ ಮೈ ತಿಕ್ಕುವ ಕೆಲಸದವಳು ರಬ್ಬೋಳ ದುಡಿಮೆಯ ಬಗ್ಗೆ ಬರೆದವರು ಎಷ್ಟು ಮಂದಿ? ಎರಡು ಕಣ್ಣುಗಳೂ ಬೇಕೆಂಬುದು ನಮ್ಮ ಕಥೆಗೂ ಅನ್ವಯಿಸುವ ಮಾತು.

ಧರ್ಮದ ದೃಷ್ಟಿಯಿಂದ ಇಂಥ ವಿಷಯಗಳಲ್ಲಿ ಖಚಿತ ನಿಲುವುಳ್ಳ ಓದುಗರು ಈ ಪತ್ರಿಕೆಗೆ ಇದ್ದಾರೆ. ಆ ನಿಲುವನ್ನು ಕದಲಿಸುವುದು ಇಲ್ಲಿನ ಉದ್ದೇಶವಲ್ಲ. ವಿಮರ್ಶೆಯ ಕೆಲಸ ಫತ್ವಾ ಕೊಡುವುದೂ ಅಲ್ಲ, ಫತ್ವಾ ರದ್ದು ಮಾಡುವುದೂ ಅಲ್ಲ. ಆದರೆ ಸುಳ್ಳಿನ ಮೇಲೆ ನಿಂತ ಮನೆಯೊಂದರಲ್ಲಿ ಯಾರು ಯಾರು ನೊಂದರು ಎಂದು ಎಣಿಸುವುದು ಎಲ್ಲ ನಂಬಿಕೆಗಳಿಗೂ ಒಪ್ಪಿತವಾದ ಕೆಲಸ. 'ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತದೆ' ಎಂಬ ಮಾತು ಯಾವ ಒಂದು ಧರ್ಮದ ಮನೆಯ ಸೊತ್ತೂ ಅಲ್ಲ. ಹಾಗೆ ಮಾಡಿದ ಮದುವೆಯಲ್ಲಿ ಹುಡುಗನಷ್ಟೇ ಅಲ್ಲ, ಏನೂ ಅರಿಯದೆ ಬಂದ ಹುಡುಗಿಯೂ ಸುಡುವ ತಗಡಿನ ಮೇಲೆ ನಿಲ್ಲುತ್ತಾಳೆ. ನಾಟಕದ ಹೆಸರು ಅವಳದ್ದೇ ಎಂಬುದನ್ನು ಗಮನಿಸಬೇಕು.

2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು, ವಯಸ್ಕರ ಸಮ್ಮತಿಯ ಸಂಬಂಧವನ್ನು 377ನೆಯ ಕಲಮಿನ ಹಿಡಿತದಿಂದ ಬಿಡಿಸಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಡಲು ನಿರಾಕರಿಸಿತು. ಮೊದಲ ತೀರ್ಪು ಹಾಸಿಗೆಗೆ ಸಂಬಂಧಿಸಿದ್ದು, ಎರಡನೆಯದು ವಾರಸಿಗೂ ತಗಲುವಂಥದು. ಇಂಥ ಇಬ್ಬರು ಸಂಗಾತಿಗಳಲ್ಲಿ ಒಬ್ಬರು ಉಯಿಲು ಬರೆಯದೆ ತೀರಿಕೊಂಡರೆ ಉಳಿದವರಿಗೆ ವಾರಸುದಾರಿಕೆಯ ಹಕ್ಕಿಲ್ಲ. ಸ್ಟ್ರಾ ಮತ್ತು ಒಚೆಲ್ಲೊ ಅವರ ಹಳೆಯ ಕೋಣೆಯ ಪ್ರಶ್ನೆ ಇಂದು ನಮ್ಮ ಕೋರ್ಟು ಕಚೇರಿಗಳ ಮುಂದೆಯೂ ಇದೆ.

ನಾಟಕಕ್ಕೆ ಎರಡು ಮೂರನೆಯ ಅಂಕಗಳಿವೆ. ಬಿಗ್ ಡ್ಯಾಡಿ ಮತ್ತೆ ರಂಗದ ಮೇಲೆ ಬರಬೇಕು, ಬ್ರಿಕ್ ಬದಲಾಗಬೇಕು, ಮ್ಯಾಗಿ ಇನ್ನಷ್ಟು ಇಷ್ಟವಾಗಬೇಕು ಎಂದು ಕಜಾನ್ ಸೂಚಿಸಿದ. ವಿಲಿಯಮ್ಸ್ ಹಾಗೆಯೇ ತಿದ್ದಿಕೊಟ್ಟ. ಆದರೆ ಪುಸ್ತಕ ಅಚ್ಚಾದಾಗ ತನ್ನ ಮೊದಲ ಬರಹವನ್ನೂ ರಂಗಕ್ಕಾಗಿ ತಿದ್ದಿದ್ದನ್ನೂ ಒಟ್ಟಿಗೆ ಪ್ರಕಟಿಸಿ ಕಾರಣವನ್ನೂ ಬರೆದ. ತಿದ್ದಿದ ಅಂಕದಲ್ಲಿ ಮನೆ ಒಂದಿಷ್ಟು ಒಂದಾಗುತ್ತದೆ, ನೋಡುವವರು ಸಮಾಧಾನದಿಂದ ಎದ್ದು ಹೋಗಬಹುದು. ಮೊದಲಿನದರಲ್ಲಿ ಬಿಗ್ ಡ್ಯಾಡಿ ಮತ್ತೆ ಬರುವುದೇ ಇಲ್ಲ, ಒಳಗಿನಿಂದ ಅವನ ನೋವಿನ ಚೀರಾಟ ಮಾತ್ರ ಕೇಳುತ್ತದೆ. ಮ್ಯಾಗಿ ತನ್ನ ಪ್ರೀತಿಯನ್ನು ಹೇಳಿಕೊಂಡಾಗ ಬ್ರಿಕ್ ಅದನ್ನು ನಂಬಲೂ ಆಗದ, ತಳ್ಳಲೂ ಆಗದ ಒಂದು ಒಣ ಮಾತಿನಿಂದ ಉತ್ತರಿಸುತ್ತಾನೆ. ಎರಡನೆಯ ಅಂಕದಲ್ಲಿ ತಂದೆ ತಾಯಿಗೆ ಆಡಿದ ಮಾತೇ ಅದು. ತಂದೆಯಿಂದ ಮಗನಿಗೆ ಬಂದ ನಿಜವಾದ ಆಸ್ತಿ ಇದೊಂದೇ. ಇದಕ್ಕೆ ಉಯಿಲು ಬೇಕಾಗಲಿಲ್ಲ.

ನನ್ನ ಮತ ಆ ಮೊದಲಿನ ಅಂಕಕ್ಕೆ. ಕೇಳಲು ಅದು ಕಷ್ಟ, ಆದರೆ ಅದು ಯಾರಿಗೂ ಸುಳ್ಳು ಹೇಳುವುದಿಲ್ಲ.